ಮೂರು ಟನ್ನೋ, ಐದು ಟನ್ನೋ: ಟೊಮೆಟೊ ಕೋಲ್ಡ್ ರೂಮಿನ ಲೆಕ್ಕ

ಪ್ರಶ್ನೆ: ನಮ್ಮ ರೈತರ ಗುಂಪು ಟೊಮೆಟೊಗಾಗಿ ಕೋಲ್ಡ್ ರೂಮ್ ಕಟ್ಟಿಸುತ್ತಿದೆ. ಉದ್ದ 6, ಅಗಲ 5, ಎತ್ತರ 3 ಮೀಟರ್, 80 ಮಿ.ಮೀ. ಪಫ್ ಪ್ಯಾನೆಲ್ (ಶಾಖ ತಡೆಯುವ ಫೋಮ್ ತುಂಬಿದ ಹಲಗೆ). ಒಟ್ಟು 10 ಸಾವಿರ ಕೆ.ಜಿ. ಹಿಡಿಸಬೇಕು, ದಿನಕ್ಕೆ 4 ಸಾವಿರ ಕೆ.ಜಿ. ಹೊಸ ಮಾಲು ಬರುತ್ತದೆ. ಒಬ್ಬ ಡೀಲರ್ 3 ಟನ್ ಯಂತ್ರ ಸಾಕು ಎನ್ನುತ್ತಾರೆ, ಇನ್ನೊಬ್ಬರು 5 ಟನ್‌ಗಿಂತ ಕಡಿಮೆ ಬೇಡವೇ ಬೇಡ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
— ಚಿಂತಾಮಣಿ ತಾಲ್ಲೂಕಿನ ಓದುಗರು

ಉತ್ತರ: ಇಬ್ಬರ ಲೆಕ್ಕವೂ ಸರಿಯಿರಬಹುದು. (ಯಂತ್ರದ ಟನ್ ಎಂದರೆ ಮಾಲಿನ ತೂಕವಲ್ಲ, ತಣಿಸುವ ಶಕ್ತಿಯ ಅಳತೆ.) ಕೋಣೆಯ ಅಳತೆ ನೋಡಿ ಯಂತ್ರದ ಗಾತ್ರ ಹೇಳಿಬಿಡುವ ರೂಢಿ ನಮ್ಮ ಕಡೆ ಇದೆಯಾದರೂ, ನಿಮ್ಮಂಥವರ ವಿಷಯದಲ್ಲಿ ಗಾತ್ರವನ್ನು ತೀರ್ಮಾನಿಸುವುದು ಕೋಣೆಗಿಂತ ಹೆಚ್ಚಾಗಿ ಕಾಯಿ; ಅದು ದಿನಕ್ಕೆ ಎಷ್ಟು ಬರುತ್ತದೆ, ಎಷ್ಟು ಬಿಸಿಯಾಗಿ ಬರುತ್ತದೆ, ಎಷ್ಟು ಗಂಟೆಯೊಳಗೆ ತಣಿಯಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ದೋರೆಗಾಯಿ ಟೊಮೆಟೊಗೆ ಸುಮಾರು 13 ಡಿಗ್ರಿ ಸೆಲ್ಸಿಯಸ್ ಸೂಕ್ತ. 10ಕ್ಕಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಕಾಯಿ ಸರಿಯಾಗಿ ಬಣ್ಣ ತಿರುಗುವುದಿಲ್ಲ, ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತದೆ. ಕೊಟೇಶನ್‌ನಲ್ಲಿ ‘ತರಕಾರಿ, 4 ಡಿಗ್ರಿ’ ಎಂದು ಬರೆದಿದ್ದರೆ ಅದನ್ನು ಅಲ್ಲಿಗೇ ಬದಿಗಿಡಿ.

ಏಪ್ರಿಲ್ ಮಧ್ಯಾಹ್ನ 32 ಡಿಗ್ರಿ ಬಿಸಿಯಿರುವ ಕಾಯಿ ಒಳಗೆ ಬರುತ್ತದೆ ಎಂದುಕೊಳ್ಳೋಣ. ಒಂದು ಕೆ.ಜಿ. ಟೊಮೆಟೊವನ್ನು ಒಂದು ಡಿಗ್ರಿ ತಣಿಸಲು ಹತ್ತಿರಹತ್ತಿರ 4 ಕಿಲೋಜೂಲ್ ಶಾಖ ತೆಗೆಯಬೇಕಾದ್ದರಿಂದ, 4,000 ಕೆ.ಜಿ.ಯನ್ನು 19 ಡಿಗ್ರಿ ಇಳಿಸಲು 3,04,000 ಕಿಲೋಜೂಲ್ ಆಯಿತು. ಪ್ಲಾಸ್ಟಿಕ್ ಕ್ರೇಟುಗಳೂ ಬಿಸಿ ಹೊತ್ತು ತರುತ್ತವೆ. ಅದಕ್ಕೆ 14,000 ಸೇರಿಸಿ. ಕಿತ್ತ ಮೇಲೂ ಕಾಯಿ ಉಸಿರಾಡುತ್ತ ಶಾಖ ಬಿಡುವುದನ್ನು ಅನೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಾವಿರ ಕೆ.ಜಿ.ಗೆ ಸುಮಾರು 65 ವ್ಯಾಟ್ ಎಂದರೂ ಕೋಣೆ ತುಂಬಿದಾಗ ದಿನಕ್ಕೆ 56,000 ಕಿಲೋಜೂಲ್.

ಉಳಿದವನ್ನು ಬೇಗ ಮುಗಿಸೋಣ. ಹೊರಗೆ 38 ಡಿಗ್ರಿ ಇದ್ದಾಗ ಗೋಡೆ, ಚಾವಣಿ, ನೆಲದ ಮೂಲಕ ನುಗ್ಗುವ ಶಾಖ ದಿನಕ್ಕೆ ಸುಮಾರು 75,000 ಕಿಲೋಜೂಲ್. ಬಾಗಿಲು ತೆರೆದಾಗ ನುಗ್ಗುವ ಗಾಳಿ ದಿನಕ್ಕೆ 18 ಬಾರಿ ಕೋಣೆ ತುಂಬುವಷ್ಟು ಎಂದರೆ 73,000. ಫ್ಯಾನು, ದೀಪ, ಒಳಗೆ ಕೆಲಸ ಮಾಡುವ ಆಳುಗಳಿಂದ 53,000. ಎಲ್ಲ ಕೂಡಿದರೆ 5,75,000. ಶೇ 10ರಷ್ಟು ಹೆಚ್ಚುವರಿ ಸೇರಿಸಿದರೆ 6,32,500 ಕಿಲೋಜೂಲ್. ಕರೆಂಟ್ ಹೋಗುವ ಸಮಯವನ್ನು ಬಿಟ್ಟು ಕಂಪ್ರೆಸರ್ ದಿನಕ್ಕೆ 18 ಗಂಟೆ ಓಡುತ್ತದೆಂದರೆ ಬೇಕಾಗುವ ಶಕ್ತಿ 9.8 ಕಿಲೋವ್ಯಾಟ್. ಯಂತ್ರದ 1 ಟನ್ ಎಂದರೆ 3.517 ಕಿಲೋವ್ಯಾಟ್ ಆದ್ದರಿಂದ ಇದು 2.8 ಟನ್. ಮೊದಲ ಡೀಲರ್ ಹೇಳಿದ್ದು ಇದನ್ನೇ.

ಆದರೆ ಬಂದ ಮಾಲು 8 ಗಂಟೆಯೊಳಗೆ ತಣಿಯಬೇಕು ಎಂದರೆ ಕಾಯಿ ಮತ್ತು ಕ್ರೇಟುಗಳಿಗೇ 11 ಕಿಲೋವ್ಯಾಟ್ ಬೇಕು. ಉಳಿದ ಹೊರೆಗೆ ಸರಾಸರಿ 3, ಮೇಲೆ ಶೇ 10 ಸೇರಿಸಿದರೆ 15.4 ಕಿಲೋವ್ಯಾಟ್, ಅಂದರೆ 4.4 ಟನ್. ಎರಡನೆಯವರ 5 ಟನ್ ಇಲ್ಲಿಂದ ಬಂದಿರಬೇಕು.

ಇಲ್ಲಿ ನನ್ನ ಸಲಹೆ ಬೇರೆ ಇದೆ. ನಿಮ್ಮ ಸೀಮೆಯಲ್ಲಿ ಬೇಸಿಗೆಯಲ್ಲೂ ಬೆಳಗಿನ ಜಾವ ತಂಪಾಗಿರುತ್ತದೆ. ಹೊತ್ತು ಏರುವ ಮೊದಲೇ ಬಿಡಿಸಿ, ಕಾಯಿ 22 ಡಿಗ್ರಿ ಆಸುಪಾಸಿನಲ್ಲಿರುವಾಗಲೇ ಒಳಗೆ ಸೇರಿಸಿದರೆ ಅದರ ಹೊರೆ 3,04,000ರಿಂದ 1,44,000ಕ್ಕೆ ಇಳಿಯುತ್ತದೆ. ಆಗ ಅದೇ 8 ಗಂಟೆಯ ಕೆಲಸಕ್ಕೆ 2.6 ಟನ್ ಸಾಕು. 5 ಟನ್ ಬದಲು 3 ಟನ್ ತೆಗೆದುಕೊಂಡಾಗ ತಪ್ಪುವ ಎರಡು ಟನ್‌ನ ಬೆಲೆ, ಅದಕ್ಕೆ ತಕ್ಕ ಜನರೇಟರ್, ವರ್ಷವಿಡೀ ಕಟ್ಟುವ ಕರೆಂಟ್ ಬಿಲ್ಲು ಎಲ್ಲವೂ ಕೀಳುವ ಹೊತ್ತನ್ನು ಬದಲಿಸಿದ್ದರಿಂದ ಉಳಿಯುತ್ತವೆ. ಕೂಲಿಯವರು ಅಷ್ಟು ಬೇಗ ಬರುವುದಿಲ್ಲ ಎಂದಾದರೆ ಮಾತ್ರ 5 ಟನ್ ಬಗ್ಗೆ ಯೋಚಿಸಿ. ಯಾವುದೇ ಯಂತ್ರವಿರಲಿ, ಕ್ರೇಟುಗಳನ್ನು ಗೋಡೆಗೆ ಒತ್ತಿ, ನಡುವೆ ಗಾಳಿಯಾಡಲು ಸಂದಿಲ್ಲದಂತೆ ಅಟ್ಟಿ ಹಾಕಿದರೆ 8 ಗಂಟೆಯಲ್ಲಿ ನಡುವಿನ ಕಾಯಿ ತಣಿಯುವುದಿಲ್ಲ.

ದೊಡ್ಡದು ಇದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಅಗತ್ಯಕ್ಕಿಂತ ದೊಡ್ಡ ಕಂಪ್ರೆಸರ್ ಪದೇ ಪದೇ ನಿಂತು ಶುರುವಾಗಿ ಬೇಗ ಸವೆಯುತ್ತದೆ. ಅದಕ್ಕೆ ಹೊಂದದ ಚಿಕ್ಕ ಎವಾಪೊರೇಟರ್ (ಕೋಣೆಯೊಳಗೆ ಗಾಳಿ ತಣಿಸುವ ಭಾಗ) ಕೂರಿಸಿದರೆ ಅದರ ಕಾಯಿಲ್, ಅಂದರೆ ತಣ್ಣನೆಯ ಗ್ಯಾಸ್ ಹರಿಯುವ ಕೊಳವೆ ಸುರುಳಿ, ತೀರಾ ತಣ್ಣಗಾಗಿ ಕೋಣೆಯ ತೇವವನ್ನು ಎಳೆದುಕೊಳ್ಳುತ್ತದೆ. ಕಾಯಿ ಸುಕ್ಕುಗಟ್ಟಿ ತೂಕ ಕಳೆದುಕೊಳ್ಳುತ್ತದೆ. ಟೊಮೆಟೊಗೆ ಬೇಕಾದ ಶೇ 90ರ ಆಸುಪಾಸಿನ ತೇವ ಉಳಿಯಬೇಕಾದರೆ ಕೋಣೆಯ ಗಾಳಿಗೂ ಕಾಯಿಲ್‌ನೊಳಗಿನ ಗ್ಯಾಸಿಗೂ 6–7 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು.

ಇನ್ನೊಂದು ಮಾತು: ತಗಡಿನ ಮೇಲೆ 3 ಟನ್ ಎಂದಿರುವ ಯಂತ್ರ ಯಾವ ಸ್ಥಿತಿಯಲ್ಲಿ ಅಷ್ಟು ಕೊಡುತ್ತದೆ ಎಂಬುದು ಮುಖ್ಯ, ಏಕೆಂದರೆ ಹೊರಗಿನ ಬಿಸಿಲು ಏರಿದಂತೆ ಅದರ ಶಕ್ತಿ ಇಳಿಯುತ್ತದೆ. ಹೊರಗೆ 40 ಡಿಗ್ರಿ, ಕಾಯಿಲ್‌ನಲ್ಲಿ 6 ಡಿಗ್ರಿ ಇರುವಾಗ ಎಷ್ಟು ಕಿಲೋವ್ಯಾಟ್ ಸಿಗುತ್ತದೆ ಎಂಬುದನ್ನು, ತಯಾರಕರ ಪಟ್ಟಿಯ ಪ್ರತಿಯೊಂದಿಗೆ, ಮುಂಗಡ ಕೊಡುವ ಮೊದಲೇ ಇಬ್ಬರಿಂದಲೂ ಬರೆಸಿಕೊಳ್ಳಿ.