ಮನೆಯಿಂದ ದುಬಾರಿ ವಾಚುಗಳು ಕಳವಾದ ಮೇಲೆ ಹೇಗೆ ಸುಧಾರಿಸಿಕೊಂಡೆ

ಮನೆಯಲ್ಲಿ ಯಾರೂ ಇಲ್ಲದಾಗ ಬೀರು ಒಡೆದು ಮೂರು ದುಬಾರಿ ವಾಚು ಕದ್ದಿದ್ದಾರೆ, ಎರಡು ವಾರವಾದರೂ ನಿದ್ದೆ ಬರುತ್ತಿಲ್ಲ, ಯಾರಿಗೆ ಹೇಳಿದರೂ "ವಾಚು ತಾನೇ, ಜೀವ ಉಳೀತಲ್ಲ" ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನನ್ನ ಮನೆಗೆ ಕಳ್ಳರು ನುಗ್ಗಿ ನಾಲ್ಕು ವರ್ಷವಾಯಿತು. ಹೋದದ್ದು ಎರಡು ವಾಚು. ಒಂದು ರೋಲೆಕ್ಸ್, ವರ್ಷಗಟ್ಟಲೆ ಉಳಿಸಿ ಕೊಂಡದ್ದು. ಇನ್ನೊಂದು ಅಪ್ಪನ ಹಳೆಯ ಒಮೆಗಾ. ಅಪ್ಪ ಈಗಿಲ್ಲ.

"ಜೀವ ಉಳೀತಲ್ಲ" ಅನ್ನುವುದು ಸುಳ್ಳಲ್ಲ. ಆದರೆ ಅದು ಬಾಯಿ ಮುಚ್ಚಿಸುವ ಮಾತು. ಒಬ್ಬರಂತೂ "ಅಷ್ಟು ದುಡ್ಡಿನ ವಾಚು ಯಾಕೆ ಬೇಕಿತ್ತು" ಅಂದರು. ಕಳ್ಳನನ್ನು ಬಿಟ್ಟು ನನ್ನನ್ನೇ ವಿಚಾರಣೆ ಮಾಡಿದ ಹಾಗಿತ್ತು. ಅವರಿಗೆ ಉತ್ತರ ಕೊಡಲು ಹೋಗಬೇಡಿ. ಕೇಳಿಸಿಕೊಳ್ಳುವವರು ಒಬ್ಬರು ಸಿಕ್ಕರೆ ಸಾಕು, ಅವರ ಹತ್ತಿರ ಮಾತ್ರ ಹೇಳಿಕೊಳ್ಳಿ.

ಮೊದಲ ವಾರ ನನ್ನನ್ನು ಕಾಪಾಡಿದ್ದು ಸಮಾಧಾನದ ಮಾತಲ್ಲ, ಕೆಲಸ. ಸೀರಿಯಲ್ ನಂಬರ್ ಹುಡುಕುವ ಕೆಲಸ. ಕಳವಾದ ವಾಚನ್ನು ಇದು ನನ್ನದೇ ಅಂತ ತೋರಿಸುವುದು ಆ ನಂಬರೇ. ಪೊಲೀಸ್ ದೂರಿನಲ್ಲಿ ಸುಮ್ನೆ "ಒಂದು ರೋಲೆಕ್ಸ್ ವಾಚು" ಅಂತ ಇದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ನಾನು ಮೊದಲು ಹಾಗೇ ಬರೆಸಿ ಬಂದಿದ್ದೆ. ನಂಬರ್ ಸಿಕ್ಕ ಮೇಲೆ ಮತ್ತೆ ಹೋಗಿ ಅದನ್ನೂ ಬರೆಸಿದೆ.

ರೋಲೆಕ್ಸಿನದು ವಾರಂಟಿ ಕಾರ್ಡಿನಲ್ಲಿ ಇತ್ತು. ಕಾರ್ಡು ಬೇರೆ ಕಪಾಟಿನಲ್ಲಿದ್ದದ್ದು ನನ್ನ ಅದೃಷ್ಟ. ಕಾರ್ಡು ಇಲ್ಲದಿದ್ದರೆ ಹಳೆಯ ಫೋಟೋಗಳನ್ನು ಹಿಗ್ಗಿಸಿ ನೋಡಿ. ಹೊಸ ರೋಲೆಕ್ಸುಗಳಲ್ಲಿ ಡಯಲ್ ಸುತ್ತ ಇರುವ ಒಳಗಿನ ಉಂಗುರದ ಮೇಲೆ, 6ರ ಹತ್ತಿರ, ನಂಬರ್ ಕೆತ್ತಿರುತ್ತಾರೆ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಒಮ್ಮೊಮ್ಮೆ ಓದಲು ಸಿಗುತ್ತದೆ. ಹಳೆಯವುಗಳಲ್ಲಿ ಅದು ಚೈನು ಸಿಕ್ಕಿಸುವ ಜಾಗದಲ್ಲಿ ಅಡಗಿರುತ್ತದೆ, ಚೈನು ಬಿಚ್ಚಿದರೆ ಮಾತ್ರ ಕಾಣುತ್ತದೆ. ಅಪ್ಪನ ಒಮೆಗಾದ್ದು ಇನ್ನೂ ಕಷ್ಟ. ಆ ಕಾಲದವುಗಳಲ್ಲಿ ನಂಬರ್ ಒಳಗಿನ ಯಂತ್ರದ ಮೇಲೇ ಇರುತ್ತದೆ. ಹಿಂದಿನ ಮುಚ್ಚಳ ತೆಗೆದು ನಾನು ಎಂದೂ ನೋಡಿದವನಲ್ಲ. ಕೊನೆಗೆ ನೆನಪಾದದ್ದು ಅದನ್ನು ಸರ್ವೀಸ್ ಮಾಡಿದ ವಾಚ್ ರಿಪೇರಿಯವರು. ಅವರ ಪುಸ್ತಕದಲ್ಲಿ ನಂಬರ್ ಇತ್ತು! ನೀವೂ ಮೊದಲು ಅವರಿಗೇ ಫೋನ್ ಮಾಡಿ. ಕೊಂಡ ಅಂಗಡಿಯವರ ಬಿಲ್ಲಿನಲ್ಲೂ ಇರಬಹುದು.

ನಂಬರ್ ಸಿಕ್ಕ ಮೇಲೆ ಕಳವಾದ ವಾಚುಗಳ ಆನ್‌ಲೈನ್ ಪಟ್ಟಿ ಇಡುವ ಎರಡು ಕಡೆ ದಾಖಲಿಸಿ. ಒಂದು ಲಂಡನ್ನಿನ ದಿ ವಾಚ್ ರಿಜಿಸ್ಟರ್. ಇನ್ನೊಂದು ಎನ್ಕ್ವೈರಸ್, ಇದನ್ನು ಹಲವು ವಾಚು ಬ್ರಾಂಡುಗಳ ಒಡೆತನದ ರಿಶ್‌ಮಾಂಟ್ ಕಂಪನಿ 2023ರಲ್ಲಿ ಶುರು ಮಾಡಿತು. ಸೆಕೆಂಡ್ ಹ್ಯಾಂಡ್ ವಾಚು ಕೊಳ್ಳುವ ಮುಂಚೆ ವ್ಯಾಪಾರಿಗಳು ಇಂಥ ಪಟ್ಟಿಗಳಲ್ಲಿ ನೋಡುತ್ತಾರೆ. ನಾಳೆಯೇ ಸಿಗುತ್ತದೆ ಅಂತ ಕಾಯಬೇಡಿ. ಕದ್ದ ವಾಚು ವರ್ಷಗಳ ನಂತರ, ಮೂರು ಕೈ ದಾಟಿ, ಎಲ್ಲೋ ಮಾರಾಟಕ್ಕೆ ಬಂದಾಗ ಸಿಕ್ಕಿಬೀಳುವುದೂ ಇದೆ. ಆನ್‌ಲೈನಿನಲ್ಲಿ ನಿಮ್ಮದೇ ಅನ್ನಿಸುವ ವಾಚು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ. ನೀವೇ ಗಿರಾಕಿಯಂತೆ ನಟಿಸಿಕೊಂಡು ಹೋಗಬೇಡಿ.

ಇನ್ನೊಂದು. ಕಳವಾದ ಸುದ್ದಿ ಹಾಕಿದ ಕೂಡಲೇ "ನಿಮ್ಮ ವಾಚು ನನ್ನ ಹತ್ತಿರ ಇದೆ, ಮೊದಲು ಸ್ವಲ್ಪ ದುಡ್ಡು ಕಳಿಸಿ" ಅನ್ನುವವರು ಬರುತ್ತಾರೆ. ನನಗೂ ಬಂದರು. ಅದಕ್ಕೇ ಪೂರ್ತಿ ನಂಬರನ್ನು ಎಲ್ಲರ ಮುಂದೆ ಹಾಕಬಾರದು. ಕೊನೆಯ ಎರಡು ಅಂಕಿ ಹೇಳಿ ಅಂತ ಕೇಳಿದೆ, ಆಸಾಮಿ ಮತ್ತೆ ಮಾತಾಡಲೇ ಇಲ್ಲ.

ಇಷ್ಟೆಲ್ಲ ಓಡಾಟಕ್ಕಿಂತ ನನ್ನನ್ನು ಜಾಸ್ತಿ ತಿಂದದ್ದು ಅನುಮಾನ. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ.

ಕಳ್ಳ ಲ್ಯಾಪ್‌ಟಾಪ್ ಮುಟ್ಟಿರಲಿಲ್ಲ. ನೇರ ಬೀರುವಿಗೆ ಹೋಗಿ, ವಾಚಿನ ಡ್ರಾಯರ್ ಎಳೆದಿದ್ದ. ಹಾಗಾದರೆ ಗೊತ್ತಿದ್ದವರೇ ಅಲ್ವಾ? ತಲೆಯಲ್ಲಿ ಒಂದು ಪಟ್ಟಿ ತಯಾರಾಯಿತು. ನಲ್ಲಿ ರಿಪೇರಿಗೆ ಬಂದವನು. ಪಕ್ಕದ ಮನೆಯ ಹುಡುಗ. ಕೊನೆಗೆ ನನ್ನ ಆಪ್ತ ಗೆಳೆಯ. ಹಿಂದೊಮ್ಮೆ ಅವನು ಆ ರೋಲೆಕ್ಸನ್ನು ಕೈಗೆ ಕಟ್ಟಿಕೊಂಡು "ನನಗೂ ಒಂದು ದಿನ" ಅಂದಿದ್ದ. ಅಷ್ಟೇ ಸಾಕಾಯಿತು ನನಗೆ. ಮೂರು ವಾರ ಅವನ ಫೋನ್ ಎತ್ತಲಿಲ್ಲ. ಅವನು ಪಾಪ ನನ್ನನ್ನು ವಿಚಾರಿಸಿಕೊಳ್ಳಲು ಫೋನ್ ಮಾಡುತ್ತಿದ್ದ.

ಒಂದು ದಿನ ಪೊಲೀಸರೊಬ್ಬರ ಮುಂದೆ ಈ ಲೆಕ್ಕಾಚಾರ ಹೇಳಿದೆ. ಅವರು ನಕ್ಕರು. ಮಲಗುವ ಕೋಣೆಯ ಬೀರು ಕಳ್ಳರು ಮೊದಲು ನೋಡುವ ಜಾಗ, ಅದಕ್ಕೆ ನಿಮ್ಮ ಪರಿಚಯ ಬೇಕಿಲ್ಲ ಅಂದರು. ಜೇಬಿಗೆ ಹಿಡಿಸುವುದನ್ನು ಒಯ್ದಿದ್ದಾನೆ, ಹಿಡಿಸದ್ದನ್ನು ಬಿಟ್ಟಿದ್ದಾನೆ, ಅಷ್ಟೇ. ಮನೆಗೆ ಬರುವ ದಾರಿಯಲ್ಲೇ ಗೆಳೆಯನಿಗೆ ಫೋನ್ ಮಾಡಿದೆ. ಯಾಕೆ ಎತ್ತುತ್ತಿರಲಿಲ್ಲ ಅಂತ ಇವತ್ತಿಗೂ ಅವನಿಗೆ ಹೇಳಿಲ್ಲ. ಹಾಗಾಗಿ ನಿಮ್ಮ ತಲೆಯಲ್ಲೂ ಪಟ್ಟಿ ಇದ್ದರೆ ಅದನ್ನು ಪೊಲೀಸರಿಗೆ ಕೊಟ್ಟುಬಿಡಿ. ನೀವು ತನಿಖೆ ಮಾಡಬೇಡಿ.

ನಿದ್ದೆಯ ವಿಷಯ. ನನಗೆ ವಾಚು ಹೋದದ್ದಕ್ಕಿಂತ, ಯಾರೋ ನಮ್ಮ ಬಟ್ಟೆಗಳ ನಡುವೆ ಕೈಯಾಡಿಸಿದ್ದಾರೆ ಅನ್ನುವುದು ಹೆಚ್ಚು ಕಾಡಿತು. ಬೀಗ ಬದಲಾಯಿಸಿದೆವು, ಕೋಣೆಯ ಮಂಚ ಬೀರುಗಳ ಜಾಗ ಬದಲಾಯಿಸಿದೆವು. ಎರಡನೆಯದು ಸುಮ್ನೆ ಮಾಡಿದ್ದು, ಆದರೆ ಬೀಗಕ್ಕಿಂತ ಅದೇ ಜಾಸ್ತಿ ಕೆಲಸ ಮಾಡಿತು. ತಿಂಗಳು ದಾಟಿದರೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ, ಸಂಕೋಚ ಬೇಡ.

ವಿಮೆ ಇದ್ದರೆ ಪಾಲಿಸಿಯನ್ನು ಪೂರ್ತಿ ಓದಿ. ಪ್ರತ್ಯೇಕವಾಗಿ ಹೆಸರು ಬರೆಸದ ಒಂದೊಂದು ವಸ್ತುವಿಗೂ ಸಾಮಾನ್ಯವಾಗಿ ಇಷ್ಟೇ ಪರಿಹಾರ ಅನ್ನುವ ಮಿತಿ ಇರುತ್ತದೆ. ನನಗೆ ಸಿಕ್ಕಿದ್ದು ರೋಲೆಕ್ಸಿನ ಬೆಲೆಯ ಒಂದು ಪಾಲು ಮಾತ್ರ. ದುಡ್ಡು ಪಡೆದ ಮೇಲೆ ವಾಚು ಸಿಕ್ಕರೆ ಅದು ಸಾಮಾನ್ಯವಾಗಿ ವಿಮೆ ಕಂಪನಿಯ ಪಾಲು. ಮರಳಿ ಕೊಳ್ಳಲು ಬಿಡುತ್ತಾರೋ ಅಂತ ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಿ. ಅಪ್ಪನ ಒಮೆಗಾಕ್ಕೆ ನಾನು ಪರಿಹಾರ ಕೇಳಲೇ ಇಲ್ಲ. ದಡ್ಡತನ ಅಂದರು ಮನೆಯವರು. ಇರಬಹುದು. ಸಿಕ್ಕರೆ ಅದು ನನ್ನ ಕೈಗೇ ಬರಬೇಕು.

ಇನ್ನೂ ಸಿಕ್ಕಿಲ್ಲ. ನಿಮ್ಮ ಮೂರೂ ಯಾವ ಕಂಪನಿಯವು, ಯಾವ ಕಾಲದವು ಅಂತ ತಿಳಿಸಿದರೆ ನಂಬರ್ ಎಲ್ಲಿ ಹುಡುಕಬಹುದು ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ನಂಬರನ್ನು ಮಾತ್ರ ಇಲ್ಲಿ ಬರೆಯಬೇಡಿ.