ನವನಗರದ ನಕ್ಷೆಯಲ್ಲಿ ಕಾಯಿಪಲ್ಲೆಗೆ ಜಾಗ ಎಲ್ಲಿ?

ಹುಬ್ಬಳ್ಳಿಯ ನವನಗರದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ಇದು ಪ್ಲಾನ್ ಮಾಡಿ ಕಟ್ಟಿದ ಬಡಾವಣೆ. ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ, ಎಲ್ಲ ಲೆಕ್ಕ ಹಾಕಿ ಸೈಟ್ ಕೊಟ್ಟರು. ಈಗ ಮೂಲೆ ಮೂಲೆಗೂ ಕಾಯಿಪಲ್ಲೆ ಗಾಡಿ, ಚಹಾದಂಗಡಿ, ಸಂಜೆಯಾದರೆ ಮಿರ್ಚಿ, ಗಿರ್ಮಿಟ್. ಗಿರಾಕಿಗಳೂ ಹೊರಗಿನವರೇ ಜಾಸ್ತಿ. ಇವನ್ನೆಲ್ಲ ತೆಗೆಸುವಂತೆ ಬರೆಯಿರಿ."

ಸಾಹೇಬರೇ, ಬರೆಯುತ್ತೇನೆ. ಆದರೆ ನೀವು ಹೇಳಿದ ಹಾಗೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಒಂದು ಮಾತು ನಿಮ್ಮದು ಖರೆ. ಫುಟ್‌ಪಾತ್ ತುಂಬ ಗಾಡಿ ನಿಂತರೆ ವಯಸ್ಸಾದವರು ರಸ್ತೆಗೆ ಇಳಿಯಬೇಕಾಗುತ್ತೆ. ಎಣ್ಣೆ ಕಾಗದ, ಚಹಾದ ಕಪ್ಪು ಗಟಾರಕ್ಕೆ ಹೋಗುತ್ತವೆ. ಅದು ತಪ್ಪೇ ಹೌದು.

ನಾವು ಇಂಥದೇ ಒಂದು ಹೊಸ ಬಡಾವಣೆಗೆ ಬಂದಾಗ ಸುತ್ತ ಬರೀ ಕಲ್ಲು ನೆಟ್ಟ ಸೈಟುಗಳು. ಒಂದು ಕಟ್ಟು ಕೊತ್ತಂಬರಿ ಬೇಕಂದರೂ ಬಸ್ಸು ಹತ್ತಿ ಹುಬ್ಬಳ್ಳಿ ಪ್ಯಾಟಿಗೆ ಹೋಗಬೇಕು. ಸಂಜೆ ಏಳಕ್ಕೆ ಬೀದಿಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇಲ್ಲ. ಮನೆಯವರು ಬಾಗಿಲು ಹಾಕಿಕೊಂಡು ನನ್ನ ಸ್ಕೂಟರ್ ಸಪ್ಪಳಕ್ಕೆ ಕಾಯುತ್ತಿದ್ದರು. ಆಮೇಲೆ ಒಬ್ಬ ಅವ್ವ ತಲೆ ಮೇಲೆ ಬುಟ್ಟಿ ಹೊತ್ತುಕೊಂಡು ಬಂದು ನಮ್ಮ ಮೂಲೆಯಲ್ಲಿ ಕೂತಳು. ಹಸಿ ಗೋಣಿಚೀಲ ಹಾಸಿ, ಅದರ ಮೇಲೆ ಮೆಂತೆ, ಪುಂಡಿಪಲ್ಲೆ, ಸಬ್ಬಸಿಗೆ, ಹಕ್ಕರಕಿ. ಬಾಳೆನಾರಿನಿಂದ ಕಟ್ಟಿದ ಪುಟ್ಟ ಪುಟ್ಟ ಕಟ್ಟು. ಘಳಿಗೆಗೊಮ್ಮೆ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಆರು ತಿಂಗಳಲ್ಲಿ ಆ ಮೂಲೆಗೆ ಹಾಲಿನವನು ಬಂದ, ಇಸ್ತ್ರಿಯವನು ಬಂದ. ಹೆಣ್ಣುಮಕ್ಕಳು ಕತ್ತಲಾದ ಮೇಲೂ ಹೊರಗೆ ನಿಂತು ಮಾತಾಡತೊಡಗಿದರು. ಸೈಟ್ ನಂಬರ್ ಒಂದು, ಮನೆ ನಂಬರ್ ಇನ್ನೊಂದು ಇರುವ ನಮ್ಮ ಬಡಾವಣೆಯಲ್ಲಿ ಕೊರಿಯರ್ ಹುಡುಗರು ಇವತ್ತಿಗೂ ಮೊದಲು ಕೇಳುವುದು ಅವ್ವನನ್ನೇ.

ಹೊರಗಿನವರು ಅಂದಿರಲ್ಲ, ಅದು ಸ್ವಲ್ಪ ನೋವಾಯ್ತು. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕಾನೂನು ವಿಶ್ವವಿದ್ಯಾಲಯ ಇದೆ, ಪೊಲೀಸ್ ಕಮಿಷನರ್ ಕಚೇರಿ ಇದೆ. ದೂರದ ಹಳ್ಳಿಗಳಿಂದ ಪೇಷಂಟ್ ಕರೆದುಕೊಂಡು ಬಂದವರು ಒಂದು ದಿನಕ್ಕೆ ಬಂದು ಹೋಗುವವರಲ್ಲ. ಕಟ್ಟಿಕೊಂಡು ಬಂದ ರೊಟ್ಟಿ ಎರಡು ದಿನಕ್ಕೆ ಮುಗಿಯುತ್ತೆ. ಆಮೇಲೆ ಅವರು ಗಾಡಿಯ ಮುಂದೆ ನಿಂತು ಒಂದು ಪ್ಲೇಟು ಉಪ್ಪಿಟ್ಟನ್ನು ಇಬ್ಬರು ಹಂಚಿಕೊಂಡು ತಿನ್ನುವುದನ್ನು ನಾನು ನೋಡಿದ್ದೇನೆ. ಗಾಡಿ ತೆಗೆಸಿದರೆ ಅವರು ಎಲ್ಲಿ ಉಣ್ಣಬೇಕು ಹೇಳಿ.

ಪ್ಲಾನ್ ಅನ್ನುವುದನ್ನೂ ಸ್ವಲ್ಪ ನೋಡೋಣ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಎರಡೂ 1898ರ ಪ್ಲೇಗಿನ ನಂತರ ನಕ್ಷೆ ಹಾಕಿ ಕಟ್ಟಿದ ಬಡಾವಣೆಗಳೇ. ಇವತ್ತು ಅಲ್ಲಿಗೆ ಜನ ಹೋಗುವುದು ಎಂಟನೇ ಕ್ರಾಸಿನ, ಗಾಂಧಿ ಬಜಾರಿನ ಹೂವು ಹಣ್ಣು ನೋಡುತ್ತ ಅಡ್ಡಾಡುವುದಕ್ಕೆ. ಅಷ್ಟು ಶಿಸ್ತಿನ ಚಂಡೀಗಢದಲ್ಲೂ ಸೆಕ್ಟರಿನ ನಡುವೆ ಹಾಯುವ ಅಂಗಡಿ ಬೀದಿಯನ್ನು ನಕ್ಷೆಯಲ್ಲೇ ಬರೆದಿದ್ದರು. ನಮ್ಮ ಕಡೆ ಸೈಟ್ ಹಂಚುವಾಗ ಕಾಯಿಪಲ್ಲೆ ಮಾರುವವರು ಎಲ್ಲಿ ಕೂಡಬೇಕು ಅಂತ ಯಾರಾದರೂ ಒಂದು ಗೆರೆ ಎಳೆದರಾ? ಎಳೆಯಲಿಲ್ಲ. ಜಾಗ ಕೊಡದೆ, ಆಮೇಲೆ ಒತ್ತುವರಿ ಅಂತ ಬೈಯುವುದು ಯಾವ ನ್ಯಾಯ?

ಒತ್ತುವರಿ ಮಾತು ಬಂತಲ್ಲ, ನಾಳೆ ಬೆಳಿಗ್ಗೆ ವಾಕಿಂಗ್ ಹೋದಾಗ ನಿಮ್ಮ ಓಣಿಯನ್ನೇ ಸುಮ್ನೆ ನೋಡಿ. ಕಾರು ಹತ್ತಿಸಲು ಫುಟ್‌ಪಾತ್ ಮೇಲೆ ಕಟ್ಟಿದ ಇಳಿಜಾರು, ಕಂಪೌಂಡಿನ ಹೊರಗೆ ಗ್ರಿಲ್ ಹಾಕಿ ಬೆಳೆಸಿದ ಹೂದೋಟ, ಜನರೇಟರ್. ಎರಡು ಪುಟದ ಪತ್ರದಲ್ಲಿ ಇವುಗಳ ಬಗ್ಗೆ ಒಂದು ಸಾಲೂ ಇಲ್ಲ. ಅವ್ವ ಸಂಜೆ ಗೋಣಿಚೀಲ ಮಡಚಿಕೊಂಡು ಹೋಗುತ್ತಾಳೆ. ಗ್ರಿಲ್ ಹೋಗುವುದಿಲ್ಲ.

ಇನ್ನೂ ಹೊಟ್ಟೆ ಉರಿಯುವ ವಿಷಯ ಅಂದರೆ ಸಿಎ, ಅಂದರೆ ನಾಗರಿಕ ಸೌಲಭ್ಯದ ಸೈಟುಗಳದ್ದು. ಎಲ್ಲರ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ ಒಂದೊಂದಾಗಿ ಯಾರದೋ ಕೈ ಸೇರಿ ಎತ್ತರದ ಗೇಟು ಬೀಳುತ್ತೆ. ಉದ್ಯಾನಕ್ಕೆ ಹೋದರೆ ಹತ್ತು ಗಂಟೆಗೇ ಬೀಗ. ಮಧ್ಯಾಹ್ನ ಮನೆಗೆಲಸ ಮುಗಿಸಿ ಬಂದ ಹೆಣ್ಣುಮಗಳು ಅರ್ಧ ತಾಸು ನೆರಳಲ್ಲಿ ಕೂಡುವ ಹಾಗಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವಿನ ಪಿಬಿ (ಪುಣೆ-ಬೆಂಗಳೂರು) ರೋಡ್ ಅಗಲ ಮಾಡುವಾಗ ದೊಡ್ಡ ದೊಡ್ಡ ಮರಗಳೂ ಹೋದವು. ಆ ರಸ್ತೆಗೆ ಬಿಆರ್‌ಟಿಎಸ್‌ನ ಚಿಗರಿ ಅನ್ನುವ ವೇಗದ ಬಸ್ಸು ಬಂತು, ಒಳ್ಳೆಯದೇ ಆಯ್ತು, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಇಳಿದ ಮೇಲೆ ನಿಲ್ಲುವುದಕ್ಕೆ ನೆರಳು ಬೇಡವಾ?

ಕಾನೂನು ಏನು ಹೇಳುತ್ತೆ ಅಂತಲೂ ತಿಳಿದಿರಲಿ. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲೇ ಕಾಯ್ದೆ ಬಂದಿದೆ. ಅದರ ಪ್ರಕಾರ ಊರಲ್ಲಿ ಒಂದು ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು. ವ್ಯಾಪಾರಿಗಳ ಸರ್ವೆ ಮಾಡಿ, ವ್ಯಾಪಾರದ ಪ್ರಮಾಣಪತ್ರ ಕೊಟ್ಟು, ಜಾಗ ಗುರುತಿಸಬೇಕು. ಸರ್ವೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ನೀವು ಓದಿಕೊಂಡವರು, ನಕ್ಷೆ ಇಟ್ಟುಕೊಂಡವರು. ಇಷ್ಟು ಚಂದದ ಅಕ್ಷರದಲ್ಲಿ ಪತ್ರ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ಇದೇ ಪತ್ರವನ್ನು ಪಾಲಿಕೆಗೆ ಬರೆಯಿರಿ. ನಮ್ಮ ಬಡಾವಣೆಯಲ್ಲಿ ಗಾಡಿಗೆ ಜಾಗ ಎಲ್ಲಿ, ನೀರಿನ ನಳ ಎಲ್ಲಿ, ಕಸದ ಡಬ್ಬಿ ಎಲ್ಲಿ ಅಂತ ಕೇಳಿ. ಕೆಳಗೆ ನಾನೂ ಸಹಿ ಹಾಕುತ್ತೇನೆ. ಅವ್ವನಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು ಒತ್ತಿಸಿ ತರುತ್ತೇನೆ.

— ಸಂಪಾದಕ