ಬಾಳೆ ಕಂದು ಒಂದು ಸಾಕು, ಆದರೆ ಯಾವುದು?

ಒಂದೊಂದು ಬಾಳೆ ಬುಡದಲ್ಲಿ ಐದಾರು ಕಂದು, ಅಂದರೆ ಮರಿ ಗಿಡ, ಎದ್ದಿವೆ, ಗೊನೆ ಸಣ್ಣದಾಗುತ್ತಿದೆ, ಎಲ್ಲ ಕಿತ್ತುಬಿಡಲಾ ಅಂತ ಕೇಳಿದ್ದೀರಿ. ಎಲ್ಲ ಬೇಡ, ಒಂದನ್ನು ಉಳಿಸಿ. ಎಲೆ ಕತ್ತಿಯ ಹಾಗೆ ಸಪೂರ, ಬುಡ ದಪ್ಪ ಇದ್ದರೆ ಅದೇ ಕತ್ತಿ ಕಂದು. ತಾಯಿ ಗಡ್ಡೆಗೆ ಗಟ್ಟಿಯಾಗಿ ಅಂಟಿರುತ್ತದೆ, ಮುಂದಿನ ಒಳ್ಳೆ ಗೊನೆ ಅದರದ್ದೇ. ಗೇಣುದ್ದ ಇರುವಾಗಲೇ ಅಗಲ ಎಲೆ ಬಿಟ್ಟು ಚೆಂದ ಕಾಣುವುದು ನೀರು ಕಂದು. ದಯವಿಟ್ಟು ಅದಕ್ಕೆ ಮರುಳಾಗಬೇಡಿ, ಗಡ್ಡೆಯಲ್ಲಿ ಬಲ ಇರುವುದಿಲ್ಲ.

ಉಳಿದವನ್ನು ಸುಮ್ನೆ ಮೇಲೆ ಕತ್ತರಿಸಿದರೆ ಸಾಲದು. ಕೆಲವೇ ದಿನಕ್ಕೆ ನಡುವಿನ ಬಿಳಿ ಸುಳಿ ಮತ್ತೆ ಮೇಲೆದ್ದಿರುತ್ತದೆ, ನೀವೂ ನೋಡಿರುತ್ತೀರಿ ಅಲ್ವಾ? ನೆಲಮಟ್ಟಕ್ಕೆ ಕೊಯ್ದು, ಚೂರಿ ಮೊನೆಯಿಂದ ಆ ಸುಳಿಯನ್ನೇ ತಿರುವಿ ತೆಗೆಯಿರಿ. ಗುದ್ದಲಿ ಹಾಕಿ ಜಾಸ್ತಿ ಅಗೆಯಬೇಡಿ, ಬಾಳೆ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ.